ಆಡೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?



2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಹೊರಟಿತು. ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನ ಮೂರು ಗಂಟೆಯ ಸುಮಾರಿಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಅದನ್ನು ನಡೆಸಿದ ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಮರುದಿನ ಪತ್ರಿಕೆಗಳಲ್ಲಿ ಅವರ ಹೆಸರಿನ ಜೊತೆಗೆ ಒಂದು ಅಂಕಿಯೂ ಬಂತು. ಎರಡು ನಗರಗಳ ನಡುವಿನ ವೈಮಾನಿಕ ದೂರ 13,993 ಕಿಲೋಮೀಟರ್ ಎಂದು.

ನಮ್ಮ ಹಾನಗಲ್ ತಾಲ್ಲೂಕಿನ ಆಡೂರಿನಂಥ ಊರಿನಲ್ಲಿ ಈ ಅಂಕಿಗೆ ಏನು ಬೆಲೆ ಎಂದು ಯಾರಾದರೂ ಕೇಳಬಹುದು. ಬಹಳ ಬೆಲೆ ಇದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮಕ್ಕಳು ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಕ್ಯಾಲಿಫೋರ್ನಿಯಾದ ಕಡೆ ಹೋಗುವುದು ಈಗ ಅಪರೂಪವಲ್ಲ. ಅವರ ತಾಯಿತಂದೆ ಇಲ್ಲೇ ಇದ್ದಾರೆ. ‘ನಮ್ಮ ಹುಡುಗ ಇರೂ ಊರು ಎಷ್ಟು ದೂರ ಆಗತೈತ್ರೀ ಸರ?’ ಎಂದು ಅವರು ಕೇಳಿದಾಗ, ‘ಹದಿನಾಲ್ಕು ಸಾವಿರ ಕಿಲೋಮೀಟರ್ ಆಗತೈತವ್ವ’ ಎಂದು ಹೇಳಿ ಮುಗಿಸುವುದು ಉತ್ತರವಲ್ಲ. ಆ ಮಾತಿನಿಂದ ಆ ತಾಯಿಗೆ ಏನೂ ತಿಳಿಯುವುದಿಲ್ಲ. ಅಂಕಿ ಸುಳ್ಳಲ್ಲ. ಆದರೆ ಯಾವ ಕೋಲಿನಿಂದ ಅಳೆದದ್ದು ಎಂಬುದನ್ನು ಅದು ಹೇಳುವುದಿಲ್ಲ.

ಅಳತೆಯ ಜೊತೆಗೆ ಕೋಲನ್ನೂ ಹೇಳಬೇಕೆಂಬುದು ನಮ್ಮ ನೆಲದ ಹಳೆಯ ನಡಾವಳಿ. ಆಡೂರು ಬಾದಾಮಿ ಚಾಲುಕ್ಯರ ಅರಸು ಕೀರ್ತಿವರ್ಮನ ಹೆಸರಿರುವ ಶಾಸನ ಸಿಕ್ಕಿದ ಊರು. ಜಿನಾಲಯಕ್ಕೆ ಭೂಮಿ ಬಿಟ್ಟ ದಾನದ ಶಾಸನ ಅದು. ನಮ್ಮ ಹಳೆಯ ದಾನಶಾಸನಗಳಲ್ಲಿ ಭೂಮಿಯನ್ನು ಇಷ್ಟು ಮತ್ತರು ಎಂದು ಬರೆದು, ಯಾವ ಗಳೆಯಿಂದ ಅಳೆದದ್ದು ಎಂದು ಸೇರಿಸುವ ರೂಢಿಯಿತ್ತು. ಹಿರೇಕೆರೂರಿನ ಆಚೆಗಿರುವ ಬಳ್ಳಿಗಾವಿಯ ಕಡೆ ‘ಭೇರುಂಡ ಗಳೆ’ ಎಂಬ ಹೆಸರಿನ ಅಳತೆಕೋಲೇ ಇತ್ತು. ಊರಿಗೊಂದು, ಸೀಮೆಗೊಂದು ಗಳೆ ಇದ್ದ ಕಾಲದಲ್ಲಿ ಬರೀ ಸಂಖ್ಯೆ ಬರೆದರೆ ನಾಳೆ ಜಗಳವಾಗುತ್ತದೆಂದು ಶಾಸನ ಬರೆಸಿದವರಿಗೆ ಗೊತ್ತಿತ್ತು. ದೂರದ ಎರಡು ನಗರಗಳ ನಡುವಿನ ಆಕಾಶದ ದಾರಿಗೂ ಇದೇ ವಿವೇಕ ಬೇಕು.

13,993 ಕಿಲೋಮೀಟರ್ ಎಂಬುದನ್ನು ಯಾರೂ ವಿಮಾನದಲ್ಲಿ ಕೂತು ಅಳೆಯಲಿಲ್ಲ. ಅದು ಭೂಮಿಯ ಗೋಲದ ಮೇಲೆ ಎರಡು ನಿಲ್ದಾಣಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ, ಲೆಕ್ಕದಿಂದ ಬಂದದ್ದು. ಶಾಲೆಯಲ್ಲಿ ಗ್ಲೋಬು ಇದ್ದರೆ ಅದನ್ನು ಕೈಯಾರೆ ಅಳೆಯಬಹುದು. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ ಗ್ಲೋಬಿನ ನಡುವಿನ ಸುತ್ತು ಸುಮಾರು 94 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾಗಿ ಆ ಗ್ಲೋಬಿನ ಮೇಲೆ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 425 ಕಿಲೋಮೀಟರ್ ಆಸುಪಾಸು. ಒಂದು ದಾರ ತೆಗೆದುಕೊಂಡು ಬೆಂಗಳೂರಿನ ಮೇಲೊಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊ ಮೇಲೊಂದು ತುದಿ ಇಟ್ಟು, ಸಡಿಲ ಇಲ್ಲದಂತೆ ಬಿಗಿಯಾಗಿ ಎಳೆಯಿರಿ. ದಾರದ ಉದ್ದ 33 ಸೆಂಟಿಮೀಟರ್ ಬರುತ್ತದೆ.

ಬಿಗಿದ ದಾರ ಎಲ್ಲೆಲ್ಲಿ ಹಾಯುತ್ತದೆ ಎಂದು ನೋಡಿದಾಗ ಮಕ್ಕಳು ಬೆರಗಾಗುತ್ತಾರೆ. ಅಮೆರಿಕ ಪೂರ್ವಕ್ಕೋ ಪಶ್ಚಿಮಕ್ಕೋ ಇದೆ ಎಂದು ಅವರು ಎಣಿಸಿರುತ್ತಾರೆ. ದಾರ ಮಾತ್ರ ಬೆಂಗಳೂರಿನಿಂದ ಉತ್ತರ ದಿಕ್ಕಿಗೇ, ತುಸು ಪೂರ್ವಕ್ಕೆ ವಾಲಿ ಹೊರಡುತ್ತದೆ. ತೆಲಂಗಾಣ, ನೇಪಾಳ, ಟಿಬೆಟ್, ಚೀನಾದ ವಾಯವ್ಯ ಭಾಗ, ಸೈಬೀರಿಯಾ. ಅಲ್ಲಿಂದ ಆರ್ಕ್‌ಟಿಕ್ ಸಮುದ್ರದ ದಂಡೆಯವರೆಗೆ ಏರಿ, ಅಲಾಸ್ಕಾ ಹಾದು, ಶಾಂತಸಾಗರದ ಅಂಚಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿಯುತ್ತದೆ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಪಟ್ಟಿ ಇಟ್ಟು ಶಾಂತಸಾಗರದ ಮೇಲೆ ನೆಟ್ಟಗೆ ಎಳೆದ ಗೆರೆಯಂತೆಯೇ ವಿಮಾನ ಹಾರಿದರೆ 16,000 ಕಿಲೋಮೀಟರ್ ದಾಟುತ್ತದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡಿದಾಗ ಉತ್ತರದ ನಾಡುಗಳು ಹಿಗ್ಗಿ ಕಾಣುತ್ತವೆ, ಹತ್ತಿರದ್ದು ದೂರ ಕಾಣುತ್ತದೆ. ಅದಕ್ಕಾಗಿ ಶಿಕ್ಷಕ ಮಿತ್ರರಲ್ಲಿ ನನ್ನ ಕೋರಿಕೆ: ದೂರದ ಪಾಠವನ್ನು ಗೋಡೆಯ ನಕಾಶೆಯಲ್ಲಿ ಮಾಡಬೇಡಿ, ಕಪಾಟಿನ ಮೇಲೆ ಧೂಳು ಹಿಡಿದ ಗ್ಲೋಬನ್ನು ಕೆಳಗಿಳಿಸಿ.

ಧ್ರುವದ ಮೇಲಿನ ದಾರಿ ಎಷ್ಟಾಗುತ್ತದೆ ಎಂಬುದಕ್ಕೆ ದಾರವೂ ಬೇಡ, ಏಳನೆಯ ತರಗತಿಯ ಗಣಿತ ಸಾಕು. ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ಬೆಂಗಳೂರಿನ ನಿಲ್ದಾಣ ಸಮಭಾಜಕ ವೃತ್ತದಿಂದ 13.2 ಡಿಗ್ರಿ ಉತ್ತರಕ್ಕಿದೆ. ಅಲ್ಲಿಂದ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿಯಲ್ಲಿದೆ, ಧ್ರುವದಿಂದ ಅಲ್ಲಿಗೆ 52.4. ಎರಡನ್ನೂ ಕೂಡಿದರೆ 129.2 ಡಿಗ್ರಿ, ಎಂದರೆ 14,350 ಕಿಲೋಮೀಟರ್ ಹತ್ತಿರ. ಅತಿ ಚಿಕ್ಕ ದಾರಿಗಿಂತ ಇದು 350 ಕಿಲೋಮೀಟರಿನಷ್ಟು ಮಾತ್ರ ಹೆಚ್ಚು. ಆಡೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು ದಾರಿ. ಇಷ್ಟು ದೊಡ್ಡ ಪ್ರಯಾಣದಲ್ಲಿ ಅದನ್ನು ಹೆಚ್ಚು ಎನ್ನಲಾಗದು. ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವುದರಿಂದ ದಾರಿ ಬೆಳೆಯುವುದಿಲ್ಲವೇ ಎಂದು ಕೆಲವು ಚುರುಕಿನ ಹುಡುಗರು ಕೇಳುತ್ತಾರೆ. ಬೆಳೆಯುತ್ತದೆ, ಇಪ್ಪತ್ತಮೂರು ಕಿಲೋಮೀಟರಿನಷ್ಟು.

ಅಂದಮೇಲೆ, ಹತ್ತಿರದ ಗೆರೆ ಬಿಟ್ಟು ಧ್ರುವದ ಕಡೆ ಏಕೆ ಹೋಗಬೇಕು? ಗೆರೆ ಬಿಗಿಯಾಗಿದ್ದರೂ ಅದರ ಕೆಳಗಿನ ನೆಲ, ಮೇಲಿನ ಗಾಳಿ, ನಡುವಿನ ಗಡಿ ಯಾವುದೂ ವಿಮಾನದ ಮಾತು ಕೇಳುವುದಿಲ್ಲ. ದಾರ ಹಾಯುವ ಟಿಬೆಟ್ ಭೂಮಿಯ ಅತಿ ಎತ್ತರದ ಬಯಲು. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ಪೈಲಟ್ ಬೇಗನೆ ಕೆಳಗಿಳಿದು ಉಸಿರಾಡಬಲ್ಲ ಎತ್ತರಕ್ಕೆ ಬರಬೇಕು. ಕೆಳಗೆ ಬೆಟ್ಟಗಳೇ ಇದ್ದರೆ ಇಳಿಯುವುದೆಲ್ಲಿಗೆ? ಹಾಗಾಗಿ ವಿಮಾನಗಳು ಹೆಚ್ಚಾಗಿ ಅದನ್ನು ಬಳಸಿ ಹೋಗುತ್ತವೆ. ಮೇಲೆ, ಮೂವತ್ತು-ನಲವತ್ತು ಸಾವಿರ ಅಡಿಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಳಿಯ ಹೊಳೆಗಳಿವೆ. ಬೆನ್ನಿಗೆ ಸಿಕ್ಕರೆ ಹೊತ್ತು, ಇಂಧನ ಎರಡೂ ಉಳಿಯುತ್ತವೆ. ಎದುರಾದರೆ ಎರಡೂ ಖರ್ಚು. ಪ್ರತಿದಿನ ಹವಾಮಾನ ನೋಡಿ ಆ ದಿನದ ದಾರಿಯನ್ನು ಗೊತ್ತುಮಾಡುತ್ತಾರೆ. ಇಂದು ಹೋದ ದಾರಿಯಲ್ಲೇ ನಾಳೆ ಹೋಗಬೇಕೆಂದಿಲ್ಲ. ನೆಲದ ಮೇಲಿನ ಉದ್ದ ಹೆಚ್ಚಾದರೂ ಗಾಳಿಯ ಲೆಕ್ಕದಲ್ಲಿ ದಾರಿ ಚಿಕ್ಕದಾಗಬಹುದು. ಧ್ರುವದ ದಾರಿಯಿಂದ ಸುಮಾರು ಹತ್ತು ಟನ್ ಇಂಧನ ಉಳಿಯಿತೆಂದು 2021ರ ಆ ಹಾರಾಟದ ಬಳಿಕ ವರದಿಯಾಗಿತ್ತು.

ಇಂಧನದ ಮಾತು ಬಂತು. ಅಲ್ಲಿ ಸ್ವಲ್ಪ ನಿಲ್ಲೋಣ. ಆ ಜಾತಿಯ ಬೋಯಿಂಗ್ 777ರ ಟ್ಯಾಂಕುಗಳಲ್ಲಿ ಸುಮಾರು 1,80,000 ಲೀಟರ್ ತುಂಬುತ್ತದೆ. ಇಷ್ಟು ದೂರದ ಹಾರಾಟದಲ್ಲಿ ವಿಮಾನ ಹೊರುವ ಭಾರದಲ್ಲಿ ದೊಡ್ಡ ಪಾಲು ಇಂಧನದ್ದೇ. ಮೊದಲ ಕೆಲವು ಗಂಟೆ ಅದು ಸುಡುವುದರಲ್ಲಿ ಒಂದು ಪಾಲು ಮುಂದೆ ಬೇಕಾಗುವ ಇಂಧನವನ್ನು ಹೊರುವುದಕ್ಕಾಗಿ. ಅದಕ್ಕೇ ದೂರ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟಿಗಿಂತ ಹೆಚ್ಚು. ಅದಕ್ಕೇ ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಹೆಚ್ಚೆಂದರೆ 20,000 ಕಿಲೋಮೀಟರ್ ದೂರ ಇದ್ದರೂ, ಒಂದೇ ಉಸಿರಿನಲ್ಲಿ ಅಷ್ಟು ದೂರ ಪ್ರಯಾಣಿಕರನ್ನು ಒಯ್ಯುವ ನಿಯಮಿತ ಹಾರಾಟ ಬಂದಿಲ್ಲ. ಸಿಂಗಪುರದಿಂದ ನ್ಯೂಯಾರ್ಕಿಗೆ ಹೋಗುವ 15,300 ಕಿಲೋಮೀಟರಿನ ಹಾರಾಟವೇ ಇಂದಿನ ಉದ್ದದ ಹಾರಾಟಗಳಲ್ಲಿ ಮುಂದಿನದು.

ಧ್ರುವದ ಮೇಲೆ ಚಳಿಯದು ಬೇರೆಯೇ ಲೆಕ್ಕ. ಹೊರಗಿನ ಗಾಳಿ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ ಹೋಗುವುದುಂಟು. ವಿಮಾನದ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗಾದರೆ ಗಟ್ಟಿಯಾಗತೊಡಗುತ್ತದೆ. ರೆಕ್ಕೆಯೊಳಗಿನ ಇಂಧನದ ಬಿಸಿಯನ್ನು ಪೈಲಟ್‌ಗಳು ಗಮನಿಸುತ್ತಲೇ ಇರಬೇಕು. ತೀರಾ ತಣ್ಣಗಾದರೆ ಕೆಳಗಿನ ಬೆಚ್ಚನೆಯ ಪದರಕ್ಕೆ ಇಳಿಯಬೇಕು ಇಲ್ಲವೇ ವೇಗ ಹೆಚ್ಚಿಸಬೇಕು. ಕಾಂತದ ದಿಕ್ಸೂಚಿ ಅಲ್ಲಿ ನೆಚ್ಚಿಕೆಗೆ ಅರ್ಹವಲ್ಲ. ಬಾನುಲಿಯ ಕೇಳುಗರು ಕೇಳಲೇಬೇಕಾದ ಸಂಗತಿ ಇನ್ನೊಂದಿದೆ. ನಮ್ಮ ದೂರದರ್ಶನ, ಫೋನುಗಳ ಸಂಪರ್ಕಕ್ಕೆ ನೆರವಾಗುವ ಅನೇಕ ಉಪಗ್ರಹಗಳು ಸಮಭಾಜಕದ ಮೇಲೆ ನಿಂತಿವೆ. ಉತ್ತರಕ್ಕೆ ಸುಮಾರು 82 ಡಿಗ್ರಿ ದಾಟಿದರೆ ಅವು ದಿಗಂತದ ಕೆಳಗಿಳಿದುಬಿಡುತ್ತವೆ. ಅಲ್ಲಿ ವಿಮಾನದವರು ನೆಲದವರೊಡನೆ ಮಾತಾಡಲು ಇಂದಿಗೂ ಶಾರ್ಟ್‌ವೇವ್ ರೇಡಿಯೊವನ್ನೂ ಆತುಕೊಳ್ಳುತ್ತಾರೆ. ನಮ್ಮ ಹಿರಿಯರು ರಾತ್ರಿ ಹೊತ್ತು ತಿರುಪು ತಿರುಗಿಸಿ ರೇಡಿಯೊ ಸಿಲೋನ್ ಕೇಳುತ್ತಿದ್ದ ಅದೇ ಶಾರ್ಟ್‌ವೇವ್. ಮುದಿಯಾಯಿತೆಂದು ನಾವು ಮೂಲೆಗಿಟ್ಟ ವಿದ್ಯೆ ಭೂಮಿಯ ನೆತ್ತಿಯ ಮೇಲೆ ಇನ್ನೂ ಜೀವ ಕಾಯುತ್ತಿದೆ ಎಂಬುದು ನನಗೆ ತುಂಬ ಅಭಿಮಾನದ ಸಂಗತಿ.

ಎರಡೇ ಎಂಜಿನ್ನಿನ ವಿಮಾನ ಎಲ್ಲೇ ಇರಲಿ, ಒಂದು ಎಂಜಿನ್ ನಿಂತರೆ ಇನ್ನೊಂದರಲ್ಲೇ ಗೊತ್ತುಪಡಿಸಿದ ಹೊತ್ತಿನೊಳಗೆ ತಲುಪಬಹುದಾದ ನಿಲ್ದಾಣವೊಂದು ಇರಲೇಬೇಕು ಎಂಬುದು ನಿಯಮ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದಲ್ಲಿ 216 ಪ್ರಯಾಣಿಕರಿದ್ದರು. ಒಂದು ಎಂಜಿನ್ನಿನಲ್ಲಿ ದೋಷ ಕಂಡಾಗ ಅದು ರಷ್ಯಾದ ದೂರಪೂರ್ವದ ಮಗದಾನ್ ಎಂಬಲ್ಲಿ ಸುರಕ್ಷಿತವಾಗಿ ಇಳಿಯಿತು. ಸಣ್ಣ ಊರು, ಎಲ್ಲರಿಗೂ ಹೋಟೆಲು ಸಾಲದೆ ತಾತ್ಕಾಲಿಕ ವಸತಿ ಮಾಡಬೇಕಾಯಿತು. ಬದಲಿ ವಿಮಾನ ಬಂದು ಅವರು ಮುಂದೆ ಹೋದದ್ದು ಎರಡು ದಿನದ ಬಳಿಕ. ಆ ಎರಡು ದಿನ ಆ ಪ್ರಯಾಣಿಕರ ಮನೆಗಳಲ್ಲಿ ಕಿಲೋಮೀಟರಿನ ಲೆಕ್ಕ ಯಾರಿಗೆ ಬೇಕಿತ್ತು?

ದಾರಿಗೆ ನಿಲ್ದಾಣವೇ ಆಸರೆ ಎಂಬುದು ನಮ್ಮ ಬಳ್ಳಾರಿಗೆ ತೊಂಬತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಪುಟ್ಟ ವಿಮಾನದಲ್ಲಿ ಟಪಾಲು ತಂದರು. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಬಳ್ಳಾರಿಯ ಮೇಲೆ. ಮುಂಬಯಿಗೂ ಮದರಾಸಿಗೂ ದಾರ ಹಿಡಿದರೆ ಬಳ್ಳಾರಿ ಆ ದಾರದ ಹತ್ತಿರವೇ ಬೀಳುತ್ತದೆ. ಆ ಪುಟ್ಟ ವಿಮಾನ ಮುಂಬಯಿಯಿಂದ ಮದರಾಸಿಗೆ ನಡುವೆ ಇಳಿಯದೆ ಹೋಗುವಂತಿರಲಿಲ್ಲ. ಟಾಟಾ ಅವರ ಮೊದಲ ವಿಮಾನಟಪಾಲಿನ ಹಾದಿಯಲ್ಲಿ ಹೀಗೆ ಒಂದು ಕನ್ನಡದ ಊರು ಸೇರಿತು.

ಇನ್ನು ಗಡಿಯ ಮಾತು. ಆಕಾಶಕ್ಕೂ ದೇಶಗಳ ಬೇಲಿ ಇದೆ. 2022ರ ಫೆಬ್ರವರಿ 24ರಂದು ರಷ್ಯಾದೊಡನೆ ಯುದ್ಧ ಶುರುವಾದ ಕೂಡಲೇ ಉಕ್ರೇನ್ ತನ್ನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು. ಹಿಂದಿನ ದಿನದವರೆಗೆ ದೆಹಲಿಯಿಂದ ಆರೇಳು ಗಂಟೆಯ ಹಾರಾಟದ ದೂರದಲ್ಲಿದ್ದ ದೇಶ ಒಂದೇ ರಾತ್ರಿಯಲ್ಲಿ ಕೈಗೆ ಸಿಗದಷ್ಟು ದೂರವಾಯಿತು. ಹಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಮಕ್ಕಳು ರೈಲಿನಲ್ಲಿ ಸುಮಾರು 1,000 ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ, ಕೊರೆಯುವ ಚಳಿಯಲ್ಲಿ ನಡೆದು, ಪೋಲೆಂಡ್, ಹಂಗೆರಿ, ರೊಮೇನಿಯಾಗಳ ಗಡಿ ದಾಟಿದ ಮೇಲೆಯೇ ವಿಮಾನದ ಮುಖ ಕಂಡರು. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾತ್ರ ಬರಲಿಲ್ಲ. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕು ತೀರಿಕೊಂಡ ಆ ಹುಡುಗನ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ತಾಯಿತಂದೆ ಅದನ್ನು ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಇಡೀ ಜಿಲ್ಲೆ ಆ ಇಪ್ಪತ್ತು ದಿನ ಕಾದಿದೆ. ದೂರ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಯುದ್ಧದಿಂದ ರಷ್ಯಾದ ಆಕಾಶ ಅಮೆರಿಕದ, ಯುರೋಪಿನ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ದಾರಿಗಳು ಉದ್ದವಾದವು. ಬೆಂಗಳೂರೂ ಸ್ಯಾನ್ ಫ್ರಾನ್ಸಿಸ್ಕೊವೂ ಇದ್ದಲ್ಲೇ ಇವೆ, ಗ್ಲೋಬಿನ ಮೇಲಿನ ದಾರ ಅಷ್ಟೇ ಇದೆ. ಹಾರುವ ದೂರ ಮಾತ್ರ ಸರಕಾರಗಳ ಜಗಳಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ನಡುವೆ ಇಳಿಯದ ಹಾರಾಟ ಸದಾ ಇರುತ್ತದೆ ಎಂದೂ ನೆಚ್ಚಬಾರದು. ಲಾಭನಷ್ಟ ನೋಡಿ ಸಂಸ್ಥೆಗಳು ಅದನ್ನು ಶುರುಮಾಡುತ್ತವೆ, ನಿಲ್ಲಿಸುತ್ತವೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ ಹೋದರೆ ನೇರ ಗೆರೆಗಳಲ್ಲೇ 16,500 ಕಿಲೋಮೀಟರ್ ಆಗುತ್ತದೆ, ನಡುವೆ ಕಾಯುವ ಹೊತ್ತು ಬೇರೆ.

ಹೊತ್ತಿನ ಕೋಲಿಗೆ ಬರೋಣ. ಮನೆಮಂದಿಗೆ ನಿಜವಾಗಿ ಬೇಕಾದದ್ದು ಇದೇ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ದೇಶದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. ಆಡೂರು ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಅದಕ್ಕೇ ನಮ್ಮ ಹೊಲದಲ್ಲಿ ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ, ವರ್ಷದ ಬಹುಪಾಲು ಹನ್ನೆರಡೂವರೆಯ ಆಚೀಚೆ. ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆಯಷ್ಟು ಮುಂದಿದೆ ಎಂಬುದು ರೈತರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಇಷ್ಟು ತಿಳಿದಿದ್ದರೆ ಫೋನು ಮಾಡುವ ಹೊತ್ತು ತಪ್ಪುವುದಿಲ್ಲ. ಇಲ್ಲಿ ಬೆಳಿಗ್ಗೆ ಎಂಟೂವರೆಗೆ ರೊಟ್ಟಿ ಬಡಿದು ಮುಗಿಸಿ ಫೋನು ಹಚ್ಚಿದರೆ ಅಲ್ಲಿ ಹಿಂದಿನ ದಿನದ ಸಂಜೆ ಏಳು ಅಥವಾ ಎಂಟು. ಮಗ ಕೆಲಸ ಮುಗಿಸಿ ಮನೆಗೆ ಬಂದಿರುತ್ತಾನೆ. ಇಲ್ಲಿ ಸಂಜೆ ಏಳಕ್ಕೆ ಹಚ್ಚಿದರೆ ಅವನಿನ್ನೂ ನಿದ್ದೆಯಲ್ಲಿರಬಹುದು. ರೇಡಿಯೊ ಅಲೆಗೆ ಈ 14,000 ಕಿಲೋಮೀಟರ್ ದಾಟಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಸಾಕು. ಮಾತು ತಲುಪುವುದು ಅಷ್ಟು ಬೇಗ, ಮನುಷ್ಯ ತಲುಪುವುದು ಅಷ್ಟು ತಡ.

ಎಷ್ಟು ತಡ ಎಂಬುದನ್ನು ಒಮ್ಮೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ಮುಂಚಿತವಾಗಿ ಮಾತಾಡುವುದಿಲ್ಲ. ನಡುರಾತ್ರಿ ಕೆಟ್ಟ ಸುದ್ದಿ ಹೋಯಿತೆಂದು ಇಟ್ಟುಕೊಳ್ಳಿ. ಟಿಕೀಟು ಸಿಗಬೇಕು, ಬೆಂಗಳೂರಿನ ಆ ನೇರ ವಿಮಾನ ಶುರುವಾದಾಗ ವಾರಕ್ಕೆ ಎರಡೇ ಬಾರಿ ಇತ್ತು. ಹೊರಡುವುದಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ನೇರ ವಿಮಾನ ಸಿಕ್ಕರೆ ಹಾರಾಟ ಹದಿನೇಳು ಗಂಟೆ. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಯ ಸಾಲು. ನಿಲ್ದಾಣವಿರುವ ದೇವನಹಳ್ಳಿಯಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಆಡೂರಿಗೆ ಕಾರಿನಲ್ಲಿ ಏಳು ಗಂಟೆ. ಎಲ್ಲವೂ ಕೂಡಿ ಬಂದರೂ ಮೂವತ್ತು ಗಂಟೆಗೆ ಕಡಿಮೆ ಇಲ್ಲ. ಕೂಡಿ ಬರದಿದ್ದರೆ ಮೂರು ದಿನ. ಹಿರಿಯರ ಅಂತ್ಯಕ್ರಿಯೆಗೆ ಮಗನಿಗಾಗಿ ಕಾಯಬೇಕೋ ಬೇಡವೋ ಎಂಬುದನ್ನು ದುಃಖದ ನಡುವೆ, ಬಂದ ನೆಂಟರ ಹತ್ತು ಮಾತುಗಳ ನಡುವೆ ತೀರ್ಮಾನಿಸುವ ಸಂಕಟ ಬಹಳ ಮನೆಗಳು ಕಂಡಿವೆ. ಮಗ ಊರಿಗೆ ಬಂದಾಗ, ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ, ತಂದೆಯೇ ಈ ಮಾತು ಎತ್ತಬೇಕೆಂದು ನಾನು ಹೇಳುತ್ತೇನೆ. ‘ನೀ ಬರೂತನಾ ಕಾಯಬ್ಯಾಡ ಅಂತ ನಾನೇ ಹೇಳೇನಿ’ ಎಂದು ತಂದೆ ಬದುಕಿದ್ದಾಗಲೇ ಹೇಳಿದ್ದರೆ, ಬರಲಾಗದ ಮಗ ಜೀವಮಾನವೆಲ್ಲ ತನ್ನನ್ನು ತಾನು ಬೈದುಕೊಳ್ಳುವುದು ತಪ್ಪುತ್ತದೆ.

ಹುಬ್ಬಳ್ಳಿಯ ವಿಮಾನ ನಿಲ್ದಾಣ ನಮಗೆ ಎರಡು ಗಂಟೆಯ ದಾರಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಕಟ್ಟಿ ಹುಬ್ಬಳ್ಳಿಯಂಥ ಊರುಗಳಿಗೂ ಸಣ್ಣ ವಿಮಾನ ತಂದಾಗ ಕಡಿಮೆಯಾದದ್ದು ಬೆಂಗಳೂರಿನಿಂದ ಊರಿನವರೆಗಿನ ಈ ಕೊನೆಯ ತುಂಡು. ಹದಿನೇಳು ಗಂಟೆ ಕೂತು ಬಂದವರಿಗೆ ಕಷ್ಟವಾಗುವುದು ಧ್ರುವವಲ್ಲ, ಈ ಕೊನೆಯ 350 ಕಿಲೋಮೀಟರ್. ನಸುಕಿನಲ್ಲಿ ಬೆಂಗಳೂರಿಗೆ ಇಳಿದವರಿಗೆ ಬೆಳಗಿನ ಹೊತ್ತೇ ಹುಬ್ಬಳ್ಳಿಗೆ ಹೊಂದುವ ವಿಮಾನ ಇದ್ದರೆ ಅವರ ಊರು ಇನ್ನೂ ಕೆಲವು ಗಂಟೆ ಹತ್ತಿರವಾಗುತ್ತದೆ. ಹೊರದೇಶಕ್ಕೆ ದೊಡ್ಡ ವಿಮಾನ ಬೇಕೆಂದು ಕೇಳುವ ನಮ್ಮ ಮುಂದಾಳುಗಳು ಮೊದಲು ಈ ವೇಳಾಪಟ್ಟಿಯನ್ನು ಕೇಳಲಿ.

ಕೊನೆಯಲ್ಲಿ ಬಾಣಂತನಕ್ಕೆ ಹೋಗುವ ತಾಯಂದಿರಿಗೆ ನಾಲ್ಕು ಮಾತು. ಮಗಳ, ಸೊಸೆಯ ಹೆರಿಗೆಗೆಂದು ಮೊದಲ ಬಾರಿ ವಿಮಾನ ಹತ್ತುವವರು ನಮ್ಮ ಹಳ್ಳಿಗಳಲ್ಲಿ ಈಗ ಬಹಳ. ಎದೆಗುಂದಬೇಡಿ. ಹದಿನೇಳು ಗಂಟೆ ಒಂದೇ ಸಮನೆ ಕಾಲು ಮಡಚಿ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ಎದ್ದು ಸಾಲಿನ ನಡುವೆ ನಾಲ್ಕು ಹೆಜ್ಜೆ ಓಡಾಡಿ, ಪಾದ ಆಡಿಸಿ, ನೀರು ಕುಡಿಯಿರಿ. ಪದೇಪದೇ ಏಳಬೇಕಾದೀತೆಂದು ನೀರು ಬಿಡಬೇಡಿ. ಬಿಪಿ, ಸಕ್ಕರೆಯ ಗುಳಿಗೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಗುಳಿಗೆಯ ಹೊತ್ತನ್ನು ಅಲ್ಲಿಯ ಗಡಿಯಾರಕ್ಕೆ ಹೇಗೆ ಹೊಂದಿಸಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಮಂಡಿ ನೋವಿದ್ದರೆ ಟಿಕೀಟು ತೆಗೆಯುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿಸಿ. ತಳ್ಳಿಕೊಂಡು ಹೋಗುವವರು ಪಾಸ್‌ಪೋರ್ಟಿನ ಸಾಲನ್ನೂ ದಾಟಿಸಿ ಬಿಡುತ್ತಾರೆ.

ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ, ಬ್ಯಾಡಗಿ ಮೆಣಸಿನಪುಡಿ ಒಯ್ಯಿರಿ. ನಮ್ಮ ಹಾನಗಲ್ಲಿನ ಮಾವಿನಹಣ್ಣು ಮಾತ್ರ ಪೆಟ್ಟಿಗೆಯಲ್ಲಿ ಬೇಡ. ಭಾರತದ ಮಾವಿಗೆ ಅಮೆರಿಕ 2007ರಲ್ಲಿ ಬಾಗಿಲು ತೆರೆದದ್ದು ವಿಕಿರಣದಿಂದ ಸಂಸ್ಕರಿಸಿ ಕಳಿಸುವ ವ್ಯಾಪಾರದ ಹಣ್ಣಿಗೆ. ಕೈಯಲ್ಲಿ ಒಯ್ಯುವ ಹಣ್ಣು, ಬೀಜ, ಸಸಿಗಳನ್ನು ಅಲ್ಲಿ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ತಿನ್ನುವ ಪದಾರ್ಥ ಏನಿದೆ ಎಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ. ಇಂಗ್ಲಿಷ್ ಬಾರದಿದ್ದರೆ ಒಂದು ಗಟ್ಟಿ ಕಾಗದದ ಮೇಲೆ ಮಗಳ ಮನೆಯ ವಿಳಾಸ, ಫೋನ್ ನಂಬರು, ಎಷ್ಟು ದಿನ ಇರುತ್ತೀರಿ, ಯಾವ ಔಷಧ ತೆಗೆದುಕೊಳ್ಳುತ್ತೀರಿ, ನಿಮಗೆ ಕನ್ನಡ ಮಾತ್ರ ಬರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಸಿ ಪಾಸ್‌ಪೋರ್ಟಿನ ಜೊತೆಗೇ ಇಡಿ. ಗಗನಸಖಿಗೆ ಒಮ್ಮೆ ತೋರಿಸಿ, ಇಳಿದಾಗ ಅಲ್ಲಿಯ ಅಧಿಕಾರಿಗೆ ಒಮ್ಮೆ ತೋರಿಸಿ. ಫೋನಿನಲ್ಲಿ ಚಾರ್ಜು ಮುಗಿದರೂ ಆ ಕಾಗದ ಕೈಕೊಡುವುದಿಲ್ಲ.